ಮಾವನ ಕಸ

ಸಂಡೂರಿನಲ್ಲಿ ಕಸಬರಿಗೆ ಇಲ್ಲದ ಮನೆ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ, ಸೀದಾ ನಮ್ಮ ಸೋದರಮಾವನ ಬಾಗಿಲಿಗೆ ತಂದು ಬಿಡುತ್ತಾರೆ. ಬಡತನವೇ? ಅಲ್ಲ. ಮೈಗಳ್ಳತನವೇ? ಛೆ, ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದ ಜೀವ! ಕಳ್ಳರು ಬಂಗಾರ ಹುಡುಕಿದಂತೆ ಅವನು ತನ್ನ ಮನೆಯಲ್ಲೇ ಕಸಬರಿಗೆ ಹುಡುಕುತ್ತಿದ್ದ. ಸಿಕ್ಕಿದ್ದು ನೀರೊಲೆಗೆ ಹೋಗುತ್ತಿತ್ತು.

ಇದಕ್ಕೆಲ್ಲ ಕಾರಣ ಅತ್ತೆಯ ಕೆಮ್ಮು. ಹೊಸಪೇಟೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ಎದೆಗೆ ಇನ್ನು ಧೂಳು ತಡೆಯುವ ಶಕ್ತಿಯಿಲ್ಲ, ಅಮ್ಮ ಅಂಗಳ ಗುಡಿಸುವುದನ್ನು ಇವತ್ತಿನಿಂದಲೇ ಬಿಡಬೇಕು ಎಂದಿದ್ದರು. ಮನೆಯ ಮುಂದೆ ಅದಿರಿನ ಲಾರಿಗಳು ಓಡಾಡುವ ರಸ್ತೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಕುಂಕುಮ ಚೆಲ್ಲಿದಂತೆ ಕೆಂಪಗಾಗುತ್ತಿತ್ತು. ಅತ್ತೆ ಮತ್ತೆ ಗುಡಿಸುತ್ತಿದ್ದಳು, ಮತ್ತೆ ಕೆಮ್ಮುತ್ತಿದ್ದಳು. ಡಾಕ್ಟರ ಮಾತಿಗೆ ಅವಳು ಊರಿಗೆ ಮರಳುವ ಬಸ್ಸಿನಲ್ಲೇ ಉತ್ತರ ಕೊಟ್ಟಳು.

“ಗುಡಿಸದ ಅಂಗಳದಾಗ ರಂಗೋಲಿ ಹೆಂಗ ಹಾಕ್ಲಿ? ಬಾಗಿಲಾಗ ರಂಗೋಲಿ ಇಲ್ಲಾಂದ್ರ ಮನ್ಯಾಗ ಯಾರೋ ಹೋಗ್ಯಾರ ಅಂತ ತಿಳಕೊಂತಾರ ಮಂದಿ!”

“ನೀ ಗುಡಿಸಿದ್ರ ಖರೇನ ಹೋಗ್ತೀಯಲ್ಲಲೇ!” ಎಂದ ಮಾವ.

ಮಾವ ಕಸಬರಿಗೆ ಸುಟ್ಟರೆ ಅತ್ತೆ ಪಕ್ಕದ ಮನೆಯಿಂದ ಕಡ ತಂದಳು. ಅವರಿಗೆ ತಾಕೀತು ಮಾಡಿದರೆ ಬೇವಿನ ಟೊಂಗೆ ಹಿಡಿದು ನಿಂತಳು. ಆಗ ನಮ್ಮ ಮಾವನ ತಲೆಗೆ ಹೊಳೆದದ್ದು ನೋಡಿ: ಗುಡಿಸುವವಳನ್ನು ತಡೆಯಲಾಗದಿದ್ದರೆ ಗುಡಿಸಲು ಅಂಗಳವೇ ಇಲ್ಲದಂತೆ ಮಾಡುವುದು!

ಚೋರನೂರಿನ ಕಡೆಯ ಬೀಳು ಹೊಲಗಳಲ್ಲಿ, ಕಲ್ಲುಮಣ್ಣಿನ ನೆಲಕ್ಕೆ ಅಂಟಿಕೊಂಡು ವಿಷ್ಣುಕ್ರಾಂತಿ ಬೆಳೆಯುತ್ತದೆ. ಗೇಣುದ್ದ ಏಳದ ಕುರುಚಲು ಗಿಡ, ಬೂದು ಬಣ್ಣದ ರೋಮದ ಎಲೆ, ಶರ್ಟಿನ ಗುಂಡಿಗಿಂತ ಚಿಕ್ಕ ನೀಲಿ ಹೂ. ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಮಾವ ಅದನ್ನು ಬೇರುಸಹಿತ ಕಿತ್ತು ಟಿಫಿನ್ ಕ್ಯಾರಿಯರಿನಲ್ಲಿ ತುಂಬಿಕೊಂಡು ಬಸ್ಸು ಹತ್ತಿದ.

“ಏನ್ರಿ ಯಜಮಾನ್ರ ಇದು, ಹುಲ್ಲಾ?” ಕಂಡಕ್ಟರ್ ಕೇಳಿದ.

“ಹುಲ್ಲಲ್ಲ. ಹೆಂಡ್ತಿ ಔಷಧ.”

“ಕುಡಿಯೋದೇನ್ರಿ, ಹಚ್ಚೋದೇನ್ರಿ?”

“ಹಚ್ಚೋದು. ಅಂಗಳಕ್ಕ!”

ಮೊದಲ ಸಲ ಹಚ್ಚಿದ್ದೆಲ್ಲ ಸತ್ತಿತು. ಪ್ರೀತಿ ಹೆಚ್ಚಾಗಿ ದಿನಾ ಎರಡು ಕೊಡ ನೀರು ಸುರಿದಿದ್ದ, ಬೇರು ಕೊಳೆತುಹೋಯಿತು. ಎರಡನೆಯ ಸಲ ಬೀಜ ತಂದು, ಮರಳು ಬೆರೆಸಿ ಚೆಲ್ಲಿ, ನೀರನ್ನು ತುಪ್ಪದಂತೆ ಹನಿಸಿದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಗಳ ಕಾಣದಂತಾಯಿತು. ಲಾರಿಯ ಧೂಳು ಬಂದು ಆ ರೋಮದ ಎಲೆಗಳ ಮೇಲೆ ಕೂತರೆ ಮತ್ತೆ ಏಳುತ್ತಿರಲಿಲ್ಲ. ಅತ್ತೆಯ ಕೆಮ್ಮು ಅರ್ಧಕ್ಕಿಳಿಯಿತು. ಸಿಟ್ಟು ಮಾತ್ರ ಎರಡರಷ್ಟಾಯಿತು!

“ನಾವು ಶಿವನ ಒಕ್ಕಲು. ಮನಿ ಮುಂದ ನೋಡಿದ್ರ ವಿಷ್ಣುಕ್ರಾಂತಿ! ನಾಳೆ ಶಿವನ ಮುಂದ ಏನಂತ ಹೇಳ್ಲಿ?” ಅತ್ತೆ ಗೊಣಗುತ್ತಿದ್ದಳು.

“ಅವನ ಮುಂದ ಅಷ್ಟು ಜಲ್ದಿ ಹೋಗಬ್ಯಾಡ ಅಂತನ ಹಚ್ಚೀನಿ” ಎನ್ನುತ್ತಿದ್ದ ಮಾವ.

ಗೇಟಿನಿಂದ ಬಾಗಿಲವರೆಗೆ ಆರು ಚಪ್ಪಡಿ ಕಲ್ಲು ಹಾಕಿಸಿದ್ದ. ಬಂದವರು ಕಲ್ಲಿನಿಂದ ಕಲ್ಲಿಗೆ ಜಿಗಿಯಬೇಕು. ಕಂಪ್ಲಿಯಿಂದ ರೈಸ್ ಮಿಲ್ಲಿನ ಬೀಗರು ಬಂದಾಗ ಏನಾಯಿತು ಗೊತ್ತೇ? ಭಾರೀ ಶರೀರದ ಮನುಷ್ಯ, ಧೋತರ ಎತ್ತಿ ಹಿಡಿದು ಮೂರನೆಯ ಕಲ್ಲಿನವರೆಗೆ ಬಂದು ಸಿಕ್ಕಿಹಾಕಿಕೊಂಡರು. “ಒಂದ ಒಂದು ಹೆಜ್ಜಿ ಕೆಳಗ ಇಡ್ಲೇನ್ರಿ?” ಎಂದರು ಪಾಪ. “ಅಲ್ಲೇ ನಿಂದರ್ರಿ, ಚಾ ಅಲ್ಲಿಗೇ ಕಳಸ್ತೀನಿ” ಎಂದ ಮಾವ. ಕಳಿಸಿದ ಕೂಡ!

ಓಣಿಯವರೆಲ್ಲ “ಅಂಗಳ ತುಂಬ ಏನ್ರಿ ಇದು ಕಸ?” ಎಂದು ಕೇಳಿ ಕೇಳಿ, ಕೊನೆಗೆ ಮಾವನೂ ಹಟಕ್ಕೆ ಬಿದ್ದು ಅದನ್ನು ಕಸ ಎಂದೇ ಕರೆಯತೊಡಗಿದ. ಕಸಕ್ಕ ನೀರು ಹಾಕಿ ಬಂದೆ, ಕಸ ಮಸ್ತ್ ಹೂ ಬಿಟ್ಟೈತಿ ನೋಡ್ಬಾ. ಬೇರೆಯವರು ಮೊಮ್ಮಕ್ಕಳ ಸುದ್ದಿ ಹೇಳುವ ಧಾಟಿಯಲ್ಲಿ ಅವನು ಕಸದ ಸುದ್ದಿ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಆ ಮಾತಿಗೆ ನಾವು ನಗಬಾರದಿತ್ತು.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಮಾವ ಕಣ್ಣಿನ ಪೊರೆ ತೆಗೆಸಲು ಹೊಸಪೇಟೆಗೆ ಹೋಗಿ ಮಗಳ ಮನೆಯಲ್ಲಿ ಉಳಿದ. ಅಲ್ಲಿಂದ ನನಗೆ ಫೋನ್ ಮಾಡಿ, “ಕಸದ ಕಡೆ ಸ್ವಲ್ಪ ನೋಡಲೇ ಅಳಿಯಾ” ಎಂದ.

ನಾನು ಹೋಗಿ ನೋಡಿದೆ. ಬಿಸಿಲಿಗೆ ಗಿಡವೆಲ್ಲ ಒಣಗಿ, ಹೂವಿಲ್ಲ, ಹಸಿರಿಲ್ಲ, ಬರೀ ಕೆಂಪು ಧೂಳು ಮೆತ್ತಿದ ಕಡ್ಡಿ. ಬೇಸಿಗೆಯಲ್ಲಿ ಅದು ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆಂದು ನನಗೇನು ಗೊತ್ತು? ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕೇಳಿದೆ: “ಮಾವ ಕಸದ ಕಡೆ ನೋಡು ಅಂದಾನ. ತೆಗಸು ಅಂತ ಏನತ್ತಿ ಅದರರ್ಥ?”

ಅತ್ತೆಯ ಕಣ್ಣುಗಳು ಮಿಂಚಿದವು. “ಕಸ ಅಂದ್ರ ಮತ್ತೇನಪ್ಪಾ ಮಾಡೋದು? ತೆಗಸೋದ!”

ಒಳಗೊಳಗೆ ನನಗೆ ಅನುಮಾನವಿತ್ತು. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಇಬ್ಬರು ಆಳು ಹಚ್ಚಿ ಒಂದೇ ದಿನದಲ್ಲಿ ಅಂಗಳವನ್ನು ಅಂಗೈಯಂತೆ ಬೋಳು ಮಾಡಿಸಿದೆ. ಸಾಲದ್ದಕ್ಕೆ ಅತ್ತೆಗೆ ಹೊಸ ಕಸಬರಿಗೆಯನ್ನೂ ತಂದುಕೊಟ್ಟೆ.

ಮರುದಿನದಿಂದ ಅತ್ತೆಯನ್ನು ನೋಡಬೇಕಿತ್ತು! ಬೆಳಿಗ್ಗೆ ಗುಡಿಸಿ, ಸಗಣಿ ನೀರು ಚಿಮುಕಿಸಿ, ಗೇಟಿನಿಂದ ಬಾಗಿಲವರೆಗೆ ರಂಗೋಲಿ. ಮಧ್ಯಾಹ್ನ ಧೂಳು ಕೂತರೆ ಮತ್ತೆ ಗುಡಿಸುವುದು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಎಂಟನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಮಾವ ಬಂದಿಳಿದಾಗ ಅವಳು ಮಂಚದ ಮೇಲೆ ಕೂತು, ಉಸಿರು ಸಿಗದೆ ಒದ್ದಾಡುತ್ತಿದ್ದಳು. ಅವನು ಬಂದ ಗಾಡಿಯಲ್ಲೇ ವಾಪಸ್ಸು ಹೊಸಪೇಟೆಗೆ ಕರೆದೊಯ್ದೆವು. ಐದನೆಯ ದಿನ ಅವಳನ್ನು ಮನೆಗೆ ತಂದಾಗ ಜೀವವಿರಲಿಲ್ಲ.

ಕಣ್ಣಿಗೆ ನೀರು ತಾಗಿಸಬೇಡಿ ಎಂದು ಮಾವನಿಗೆ ಡಾಕ್ಟರು ಹೇಳಿದ್ದರು. ಅವನು ಡಾಕ್ಟರ ಮಾತು ಮೀರಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಆಮೇಲೆ ನಾನು ಆ ಓಣಿಗೆ ಕಾಲಿಡಲಿಲ್ಲ. ಮಳೆಗಾಲ ಮುಗಿಯುತ್ತಿದ್ದಾಗ ಮಾವನೇ ಹೇಳಿಕಳಿಸಿದ. ಹೋದರೆ ಕಲ್ಲುಗಳ ಸುತ್ತ ಅಲ್ಲಲ್ಲಿ ಬೂದು ಎಲೆ ಎದ್ದಿತ್ತು. ಆಳುಗಳ ಕಳೆ ಕೀಳುವ ಕುರುಪಿಗೆ ಸಿಗದ ಬೇರುಗಳು ಚಿಗುರಿದ್ದವು. ಬಾಗಿಲ ಮುಂದಿನ ಕೊನೆಯ ಚಪ್ಪಡಿಯನ್ನು ಮಾವ ಒದ್ದೆ ಬಟ್ಟೆಯಿಂದ ಒರೆಸಿ, ಕೂತು, ರಂಗೋಲಿ ಹಾಕುತ್ತಿದ್ದ. ನಾಲ್ಕು ಗೆರೆ, ನಾಲ್ಕೂ ಸೊಟ್ಟ. ಹೀಗೆ ಕಲ್ಲು ಒರೆಸಿ ರಂಗೋಲಿ ಹಾಕಬಹುದೆಂದು ನಮಗ್ಯಾರಿಗೂ ಮೊದಲೇ ಯಾಕೆ ಹೊಳೆಯಲಿಲ್ಲ?

“ಮಾವಾ, ನಾನ ತೆಗಿಸಿದ್ದು...” ಎಂದೆ.

“ಮೂವತ್ತು ವರ್ಷ ಆ ಧೂಳು ಎಬ್ಬಿಸಿದಾವ ನಾನಲೇ” ಎಂದ, ತಲೆ ಎತ್ತದೆ. “ಆ ಎಂಟು ದಿನ ಅಕಿ ಭಾಳ ಖುಷಿಯಾಗಿದ್ಲಂತ, ಓಣಿಯವರೆಲ್ಲ ಹೇಳ್ತಾರ. ಆ ಖುಷಿ ನಾ ಅಕಿಗೆ ಕೊಡಲಿಲ್ಲ, ನೀ ಕೊಟ್ಟಿ.”

ಆಮೇಲೆ ಕೈಯ ರಂಗೋಲಿ ಪುಡಿ ಝಾಡಿಸಿಕೊಂಡು ಎದ್ದ. “ಸೋಮವಾರ ಇನ್ನೊಂದು ಕಣ್ಣಿನ ಪೊರಿ ತೆಗಸಾಕ ಹೊಂಟೀನಿ. ಎಂಟು ದಿನ ಬರಂಗಿಲ್ಲ. ಕಸದ ಕಡೆ ನೋಡಲೇ ಅಳಿಯಾ.”

ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ, ಒಂದು ಚಿಗುರನ್ನೂ ತುಳಿಯದೆ, ಗೇಟಿನವರೆಗೆ ಬಂದೆ.