ಎಡಕ್ಕೆ ಬಿದ್ದ ಎಸಳು

ನಾನು ನಾಸ್ತಿಕನೆಂದು ಊರಲ್ಲಿ ಹೆಸರು ಮಾಡಿದವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಅಷ್ಟಾದರೂ ಬೇಡವೇ? ಎಪ್ಪತ್ತರ ದಶಕದ ಆ ದಿನಗಳಲ್ಲಿ, ಹೂವಿನ ಹಿಪ್ಪರಗಿಯ ಚಹಾದಂಗಡಿಯಲ್ಲಿ ಕೂತು, ಪರೀಕ್ಷೆ ಮಾಡದೆ ಯಾವುದನ್ನೂ ನಂಬಬಾರದೆಂದು ನಾನು ಭಾಷಣ ಬಿಗಿಯತೊಡಗಿದರೆ ಕೇಳುವವರ ಚಹಾ ಆರಿ ತಣ್ಣಗಾಗುತ್ತಿತ್ತು. ನನ್ನ ಸಂಶಯವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅದರ ಮೇಲೆ ನನಗೆ ಅಷ್ಟು ಭಕ್ತಿ.

ಆ ವರ್ಷ ಅವ್ವನ ಕಣ್ಣಿಗೆ ಪೊರೆ ಬಂತು. ರೊಟ್ಟಿ ಬೇಯಿಸುವಾಗ ಹಂಚಿಗೆ ಕೈ ತಾಗಿಸಿ ಸುಟ್ಟುಕೊಳ್ಳತೊಡಗಿದಳು. ಬಾಗೇವಾಡಿಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು, ಇನ್ನೆರಡೇ ದಿನ ಉಳಿದಿತ್ತು. ಈ ಸಲ ತಪ್ಪಿಸಿಕೊಂಡರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವ್ವ ಮಾತ್ರ, "ಹಣಮಪ್ಪಗ ಒಂದ್ ಮಾತ್ ಕೇಳ್ತೇನಿ" ಎಂದು ಹಟ ಹಿಡಿದಳು. ನಮ್ಮಲ್ಲಿ ದೇವರನ್ನು ಕೇಳುವುದೆಂದರೆ, ಪೂಜಾರಿ ನೀರಲ್ಲಿ ಅದ್ದಿದ ಹೂವಿನ ಎಸಳನ್ನು ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ.

ಗುಡಿಯ ದಾರಿಯುದ್ದಕ್ಕೂ ಪಾಠ ಮಾಡಿದೆ. "ಅವ್ವಾ, ನೀರ ಆರಿದ ಕೂಡ್ಲೆ ಅದು ಬೀಳತೈತಿ. ದೇವ್ರ ಏನ ಬೀಳಸೂದಿಲ್ಲ." ಅವಳು ನನ್ನ ತೋಳು ಹಿಡಿದು ನಡೆದಳು.

ಪೂಜಾರಿ ಎಸಳು ಅಂಟಿಸಿ ಸರಿದು ನಿಂತ. ನೋಡಿದರೆ, ನನ್ನ ತುಟಿಗಳೇ "ಬಲಕ್ಕ, ಬಲಕ್ಕ" ಎನ್ನುತ್ತಿವೆ! ಎಸಳು ಎಡಕ್ಕೆ ಬಿತ್ತು. "ಬ್ಯಾಡ ಬಿಡವ್ವಾ, ಮುಂದಿನ ಸಲ ನೋಡೂಣು" ಎಂದವನು, ದೇವರಾಣೆಗೂ, ನಾನೇ.

"ಎಡಕ್ಕ ಬಿತ್ತೇನು?" ಅವ್ವ ತನ್ನ ಬಲಗೈಯನ್ನು ಮುಂದೆ ಚಾಚಿ ಒಂದು ಗಳಿಗೆ ಹಾಗೇ ಹಿಡಿದಳು. "ಇಲ್ಲೆ ಕಿಂಡಿ ಬಿಸಲ ಬೀಳಾಕತ್ತೈತಿ. ನಾ ಎದುರಿಗೆ ನಿಂತೇನಿ, ಅಂದಮ್ಯಾಲ ದೇವ್ರ ಎಡಗಡಿನೂ ಇದ ಅಲ್ಲ? ಆ ಎಸಳ ಮೊದಲ ಆರೈತಿ."

"ಮತ್ತೊಮ್ಮೆ ಹಚ್ಚಲೇನ್ ಯವ್ವಾ?" ಎಂದ ಪೂಜಾರಿ.

"ಬ್ಯಾಡಪ್ಪ. ಹೇಳಿದ್ದು ದೇವ್ರೋ, ಬಿಸಲೋ, ನನಗರ ಹ್ಯಾಂಗ ತಿಳೀಬೇಕು? ಗೊತ್ತಾಗಲಾರದ್ದಕ್ಕ ಕಣ್ಣ ಯಾಕ ಕಳಕೊಳ್ಳಲಿ?" ಎಂದವಳೇ ಅಲ್ಲೇ ಕಣ್ಣು ಮುಚ್ಚಿ, ಕೈ ಮುಗಿದು, ಹಣೆ ನೆಲಕ್ಕೆ ಹಚ್ಚಿದಳು.

ಸಂಶಯಪಡುವುದೆಂದರೆ ದೇವರಿಗೆ ಬೆನ್ನು ತಿರುಗಿಸುವುದೆಂದೇ ನಾನು ತಿಳಿದಿದ್ದೆ. ಅಕ್ಷರ ಬಾರದ ಈ ಹೆಂಗಸು ದೇವರ ಎದುರಿಗೇ ನಿಂತು ಸಂಶಯಪಟ್ಟಳು, ತನಗೆ ತಿಳಿಯದೆಂದು ಒಪ್ಪಿಕೊಂಡಳು, ಅವನ ಮೇಲಿನ ಪ್ರೀತಿಯನ್ನು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಇಷ್ಟು ದೊಡ್ಡವಳ ಕೈಯ ರೊಟ್ಟಿ ತಿಂದು ಬೆಳೆದೆನಲ್ಲ ಎಂದು ಕಣ್ಣು ತುಂಬಿ ಬಂತು.

ಆಪರೇಷನ್ ಆಯಿತು. ಎಂಟು ದಿನ ಕಣ್ಣಿಗೆ ಕಟ್ಟು. ನಾನು ಪಕ್ಕದಲ್ಲೇ ಇದ್ದೆ, ಊಟ ಸೇರಲಿಲ್ಲ. ಒಂಬತ್ತನೆಯ ದಿನ ಡಾಕ್ಟರು ಕಟ್ಟು ಬಿಚ್ಚಿ ದಪ್ಪ ಚಾಳೀಸು ಹಾಕಿದರು. ಅವ್ವ ನನ್ನ ಮುಖವನ್ನೇ ದಿಟ್ಟಿಸಿದಳು.

"ಕಾಣಸ್ತೈತೇನವ್ವಾ?"

"ಕಾಣಸ್ತೈತಿ" ಎಂದಳು. "ಹಣಿಮ್ಯಾಗ ಇಷ್ಟ್ ವಿಭೂತಿ ಯಾವಾಗಿಂದ ಹಚ್ಚಾಕತ್ತೀಯೋ ಮಾಸ್ತರಾ?"