ಭಾನುವಾರದ ಅರ್ಧ ಗಂಟೆ ಕನ್ನಡ

ಕಟ್ಟೆಯ ಮೇಲೆ ನೆಟ್ಟಗೆ ಮಾತಾಡುವ ಮನುಷ್ಯನನ್ನು ರೇಡಿಯೋದಲ್ಲಿ ಮಾತಾಡಿ ಎಂದು ಕೂರಿಸಿ ನೋಡಿ, ಏನಾದರೊಂದು ಎಡವಟ್ಟು ಮಾಡದೆ ಏಳುವುದಿಲ್ಲ. ಹೈದರಾಬಾದಿನ ನಮ್ಮ ರೇಡಿಯೋ ಕೇಂದ್ರದಲ್ಲಿ ಇದು ವಾರವಾರವೂ ನಡೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಅರ್ಧ ಗಂಟೆಯನ್ನು ಕನ್ನಡದವರಿಗೆಂದು ಬಿಟ್ಟಿದ್ದರು. ಓಣಿಯ ಸುದ್ದಿ, ರಾಜಕೀಯ, ನಾಟಕ, ಸಂಗೀತ, ಯಾವುದಾದರೂ ಸರಿ. ಕೇಳುಗರು ಫೋನ್ ಮಾಡಿ ಮಾತಾಡಬಹುದು. ನಡೆಸಿಕೊಡುವವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಮಾಸ್ತರು. ಫೋನ್ ಎತ್ತುವವಳು, ಟೇಪು ಜೋಡಿಸುವವಳು, ಚಹಾ ತರಿಸುವವಳು ನಾನು. ಹತ್ತನೇ ತರಗತಿಗೇ ಓದು ಮುಗಿಸಿದ ನನಗೆ ಆ ಕೆಲಸ ಸಿಕ್ಕಿದ್ದು ನಾಲಿಗೆಯ ದೆಸೆಯಿಂದ. "ಈಕಿ ಫೋನಿಗೆ ಕುಂತರ ಯಾರೂ ಉದ್ದ ಎಳಿಯಂಗಿಲ್ಲ" ಎಂದು ಮಾಸ್ತರೇ ಆರಿಸಿದ್ದರು.

ಗಂಡನ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮಗಳ ಹಾಲು ಆ ಫೋನಿನಿಂದಲೇ ಬರಬೇಕು. ಕೇಂದ್ರಕ್ಕೆ ಹೊಸದಾಗಿ ಬಂದ ದೊಡ್ಡ ಸಾಹೇಬರದೋ ಒಂದೇ ಪ್ರಶ್ನೆ: ಈ ಊರಲ್ಲಿ ಕನ್ನಡದವರು ನಿಜವಾಗಿ ಇದ್ದಾರಾ? ಇಲ್ಲ ಅಂತ ಅವರಿಗೆ ಅನ್ನಿಸಿದ ದಿನ ಅರ್ಧ ಗಂಟೆ ನಿಲ್ಲುತ್ತದೆ, ಅದರ ಹಿಂದೆಯೇ ನನ್ನ ಕೆಲಸವೂ.

ತೀರಿಕೊಂಡವರ ಫೋನು

ನಾರಾಯಣಗೂಡದಲ್ಲಿದ್ದ ಹಳೆಯ ನಾಟಕದ ನಟರೊಬ್ಬರು ಬೆಳಿಗ್ಗೆ ಹೋಗಿಬಿಟ್ಟರೆಂದು ಯಾರೋ ಮಾಸ್ತರ ಕಿವಿಗೆ ಹಾಕಿದರು. ಮಾಸ್ತರು ಹಿಂದೆಮುಂದೆ ನೋಡದೆ ಇಡೀ ಕಾರ್ಯಕ್ರಮವನ್ನೇ ಅವರಿಗೆ ಅರ್ಪಿಸಿ, ಅವರನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ಫೋನು.

"ನಾನ್ರಿ, ನೀವು ಈಗ ಹೊಗಳಾಕತ್ತೀರಲ್ಲ, ಆ ತೀರಿಕೊಂಡಾವ."

"ಸತ್ತವರ ಮ್ಯಾಲ ಚೇಷ್ಟಿ ಮಾಡ್ತೀರಿ, ನಾಚಿಕಿ ಬರೂದಿಲ್ಲೇನು?" ಎಂದು ಝಾಡಿಸಿದೆ.

"ಚೇಷ್ಟಿ ಅಲ್ಲ ತಂಗಿ. ತೀರಿಕೊಂಡಾವ ನಮ್ಮಣ್ಣ. ಅವನ ಹೆಣದ ಮುಂದ ಕುಂತು ಎಲ್ಲಾರೂ ರೇಡಿಯೋ ಕೇಳಾಕತ್ತೀವಿ."

ಈಗಲೇ ನಿಲ್ಲಿಸುತ್ತೇವೆ, ಕ್ಷಮೆ ಕೇಳುತ್ತೇವೆ ಎಂದೆ.

"ಬ್ಯಾಡ ಬ್ಯಾಡ, ಮಾಸ್ತರು ಭಾಳ ಚಲೋ ಹೇಳಾಕತ್ತಾರ, ಪೂರಾ ಆಗಲಿ," ಎಂದರು. ಆಮೇಲೆ ದನಿ ತಗ್ಗಿಸಿ, "ಅಣ್ಣ ಜೀವಂತ ಇದ್ದಾಗೂ ಅವಂದು ಇದ ತಕರಾರು ಇತ್ತವಾ, ನನ್ನೊಬ್ಬಂದ ಹೆಸರು ಬರ್ತೈತಿ ಅಂತ."

ಶಾಂತಿ ಸಭೆ

ಊರಲ್ಲಿ ಗಲಾಟೆಯಾಗಿ ಹಳೆಯ ಭಾಗಕ್ಕೆ ಕರ್ಫ್ಯೂ ಹಾಕಿದ್ದರು. ಸೌಹಾರ್ದದ ಬಗ್ಗೆ ನಾಲ್ಕು ಮಾತಾಡಲಿ ಎಂದು ಎರಡು ಪಕ್ಷದ ಇಬ್ಬರು ಕನ್ನಡ ಮುಖಂಡರನ್ನು ಮಾಸ್ತರು ಕರೆಸಿದರು. ಬೆಂಕಿ ಹಚ್ಚಿದವರು ನಿಮ್ಮವರು, ಅಲ್ಲ ನಿಮ್ಮವರು ಎಂಬಲ್ಲಿಗೆ ಸೌಹಾರ್ದ ಮುಗಿಯಿತು. ಒಬ್ಬರು ಇನ್ನೊಬ್ಬರ ಅಂಗಿಯ ಕಾಲರಿಗೆ ಕೈ ಹಾಕಿದಾಗ ಮಾಸ್ತರು ವೀಣೆಯ ಟೇಪು ಹಾಕಿಸಿದರು.

ಹೊರಗೆ ಬಂದರೆ ನಮ್ಮ ಕಡೆಗೂ ಕರ್ಫ್ಯೂ ಬಂದಿತ್ತು. ಪಾಸು ಇದ್ದದ್ದು ಕೇಂದ್ರದ ಒಂದೇ ವ್ಯಾನಿಗೆ. ಹಿಂದೆ ಟೇಪಿನ ಪೆಟ್ಟಿಗೆಗಳು, ಮಾಸ್ತರು, ನಾನು, ನನ್ನ ತೊಡೆಯ ಮೇಲೆ, ಕೆಲಸಕ್ಕೂ ಕರೆದುಕೊಂಡೇ ಬರುತ್ತಿದ್ದ ಮಗಳು. ಉಳಿದದ್ದು ಒಬ್ಬರ ಜಾಗ. ಹೀಗಾಗಿ ಒಬ್ಬ ಮುಖಂಡರ ತೊಡೆಯ ಮೇಲೆ ಇನ್ನೊಬ್ಬ ಮುಖಂಡರು ಕೂತರು. ಕೋಠಿ ಪೇಟೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿ, ನಡುಬೀದಿಯಲ್ಲಿ ಯಾರದೋ ಒಂದೇ ಚಪ್ಪಲಿ ಬಿದ್ದಿತ್ತು.

ಪೊಲೀಸಿನವನು ವ್ಯಾನು ನಿಲ್ಲಿಸಿ, ಯಾರಿವರು ಎಂದು ಕೇಳಿದ. ಶಾಂತಿಯ ಬಗ್ಗೆ ಮಾತಾಡಿ ಬರುತ್ತಿದ್ದಾರೆ ಎಂದ ಡ್ರೈವರು. ಪೊಲೀಸಿನವನು ಹರಿದ ಕಾಲರನ್ನು ನೋಡಿದ, ತೊಡೆಯ ಮೇಲೆ ಕೂತವರನ್ನು ನೋಡಿದ. "ಮನೆ ಮುಟ್ಟೋವರೆಗೂ ಇಬ್ಬರನ್ನೂ ಹೀಗೇ ಹಿಡಿದಿರಿ, ಇಳಿದರೆ ಊರಿಗೆ ಕಷ್ಟ" ಎಂದು ಹಿಂದಿಯಲ್ಲಿ ಹೇಳಿ ಬಿಟ್ಟ.

ಸಾಹೇಬರು ಕಿವಿಯಾರೆ ಕೇಳಿದ್ದು

ಕೊನೆಗೊಂದು ದಿನ ದೊಡ್ಡ ಸಾಹೇಬರು, ಈ ಭಾನುವಾರ ನಾನೇ ಕೂತು ಕೇಳುತ್ತೇನೆ, ಆಮೇಲೆ ತೀರ್ಮಾನ ಎಂದರು. ಸಾಹೇಬರು ತೆಲುಗಿನವರು, ಕೆಟ್ಟವರಲ್ಲ. ಕನ್ನಡ ಅವರಿಗೆ ಅರ್ಥವಾಗದು. ಕನ್ನಡ ಕೇಳಿಸಿದರೆ ಸಾಕಿತ್ತು.

ವಾರವಿಡೀ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಕಾಚಿಗೂಡ, ನಾರಾಯಣಗೂಡದ ಕನ್ನಡದ ಮನೆಗಳನ್ನೆಲ್ಲ ಸುತ್ತಿದೆ. "ಐತ್ವಾರ ಫೋನ್ ಮಾಡ್ರಿ, ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ." ಎಲ್ಲರೂ ಮಾತು ಕೊಟ್ಟರು, ಉಳಿಸಿಕೊಂಡರು ಕೂಡ. ಭಾನುವಾರ ಫೋನು ಕೆಳಗಿಡಲು ಬಿಡುವಿಲ್ಲ. ಮೊದಲು ಬಂದದ್ದು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ನಾರಾಯಣಗೂಡದ ಒಬ್ಬ ಹೆಂಗಸು. "ಮಗಳ ನೆಗಡಿ ಕಡಿಮಿ ಆತೇನ?" ಎಂದು ನನ್ನನ್ನು ವಿಚಾರಿಸಿದರು. ಮಾಸ್ತರಿಗೆ ಲೈನು ಕೊಟ್ಟೆ.

"ನಮಸ್ಕಾರಮಂಡಿ! ಮೀ ಕನ್ನಡ ಕಾರ್ಯಕ್ರಮಂ ಚಾಲಾ ಬಾಗುಂದಿ!" ನಿಮ್ಮ ಕನ್ನಡ ಕಾರ್ಯಕ್ರಮ ಬಹಳ ಚೆನ್ನಾಗಿದೆ ಎಂದು ವೈನಿ ಹೊಗಳಿದ್ದು ತೆಲುಗಿನಲ್ಲಿ.

ನಮ್ಮ ಜನರ ರೂಢಿ ಅದು. ಹೊಸ್ತಿಲ ಒಳಗೆ ಕನ್ನಡ, ದಾಟಿದರೆ ತೆಲುಗು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯಲ್ಲಿ ತೆಲುಗು ಆಡಿ ಆಡಿ, ನಾಲಿಗೆ ತಾನೇ ತಿರುಗುತ್ತದೆ. ನಾನು ಅವರಿಗೆ ಮನೆಯವಳು, ರೇಡಿಯೋ ಹೊರಗಿನದು. ಎರಡನೆಯವರೂ ತೆಲುಗು, ಮೂರನೆಯವರೂ ತೆಲುಗು. ಕನ್ನಡದ ಹಿರಿಮೆಯ ಬಗ್ಗೆ ಒಬ್ಬರು ಸೊಗಸಾಗಿ ಮಾತಾಡಿದರು, ತೆಲುಗಿನಲ್ಲಿ. ಎಲ್ಲರೂ ಕಾಕಾ ಎನ್ನುವ ಕಾಚಿಗೂಡದ ಹಿರಿಯರೊಬ್ಬರು ಲೈನಿಗೆ ಬಂದಾಗ ಗೋಗರೆದೆ.

"ಕಾಕಾ, ಕಾಲಿಗೆ ಬೀಳ್ತೀನಿ, ಕನ್ನಡದಾಗ ಮಾತಾಡ್ರಿ."

"ಏ ಹುಚ್ಚಿ, ಕನ್ನಡ ನನಗ ಕಲಸ್ತೀಯೇನ? ಲೈನ್ ಕೊಡು." ಕೊಟ್ಟೆ. "ಅಂದರಿಕೀ ನಮಸ್ಕಾರಂ!" ಎಂದು ಎಲ್ಲರಿಗೂ ತೆಲುಗಿನಲ್ಲೇ ವಂದಿಸಿದರು.

ಸಾಹೇಬರು ಎದ್ದು ಹೋದರು. ಮುಂದಿನ ಭಾನುವಾರ ನಮ್ಮ ಹೊತ್ತಿಗೆ ಸಿನೆಮಾ ಹಾಡು ಬಂದವು. ತಿಂಗಳ ಕೊನೆಗೆ ಬಿಟ್ಟುಬಿಡು ಎಂದು ನನಗೂ ಹೇಳಿದರು.

ಸುದ್ದಿ ಮುಟ್ಟಿದ್ದೇ ತಡ, ಕಾಕಾ ಒಂದು ದಂಡನ್ನೇ ಕಟ್ಟಿಕೊಂಡು ಸಾಹೇಬರ ಕೋಣೆಗೆ ನುಗ್ಗಿದರು. ವೈನಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತ ನಾನು, ದೇವರೇ, ಈಗಲಾದರೂ, ಎಂದು ಬೇಡಿಕೊಂಡೆ. ಕಾಕಾ ಎದೆ ಬಡಿದುಕೊಂಡು ತಾಯ್ನುಡಿ, ರಕ್ತ, ತಾತ ಮುತ್ತಾತ ಎಂದು ಮೇಜು ಅದುರುವಂತೆ ಗುಡುಗಿದರು. ಒಂದಕ್ಷರ ಬಿಡದಂತೆ ಅಷ್ಟೂ ತೆಲುಗು.

ಸಾಹೇಬರ ಕಣ್ಣು ತೇವವಾಯಿತು. ಎಲ್ಲರನ್ನೂ ಕೈಮುಗಿದು ಕಳಿಸಿ, ನನ್ನ ಕಡೆ ತಿರುಗಿ ಮರುಗಿದರು: "ನೋಡಮ್ಮಾ, ನಮ್ಮ ತೆಲುಗು ಜನಕ್ಕೆ ನಿಮ್ಮ ಭಾಷೆಯ ಮೇಲೆ ಎಷ್ಟು ಪ್ರೀತಿ! ನಿಮ್ಮ ಕನ್ನಡದವರು ಒಬ್ಬರಾದರೂ ಬಂದರಾ?"

ಹೊರಗೆ ವರಾಂಡದಲ್ಲಿ ಕಾಕಾ ಮೀಸೆ ತಿರುವುತ್ತ ನನಗಾಗಿಯೇ ಕಾಯುತ್ತಿದ್ದರು.

"ನೋಡಿದೇನವಾ, ಹೆಂಗ ಬಿಸಿ ಮುಟ್ಟಿಸಿದೆ? ಇನ್ನ ನಿನ್ನ ಕೆಲಸಕ್ಕ ಯಾರೂ ಕೈ ಹಚ್ಚಂಗಿಲ್ಲ," ಎಂದರು, ಅಪ್ಪಟ ಕನ್ನಡದಲ್ಲಿ.