ಗೋಬರ್ ಗ್ಯಾಸಿನ ಕಾಫಿ

ಶೀಳನೆರೆ ಊರಿನ ಪುಟ್ಟಸ್ವಾಮಿಯ ಬಾಯಿಂದ ಜಾರಿದ್ದು ಒಂದೇ ಮಾತು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರಿಗೆ, "ಇಪ್ಪತ್ತೇ ದಿನ ತಡ್ಕಳಿ. ನಮ್ಮನೆ ಗೋಬರ್ ಗ್ಯಾಸಲ್ಲಿ ಕಾಸಿದ್ ಕಾಫಿ ಕುಡಿಸ್ತೀನಿ" ಎಂದಿದ್ದ.

ಅದಾಗಿ ಎರಡು ತಿಂಗಳಾಗಿತ್ತು. ಹಿತ್ತಲಲ್ಲಿ ಕಟ್ಟಿಸಿದ ಗುಂಡಿ ನಾಲ್ಕು ಹಸುಗಳ ಸಗಣಿಯನ್ನೆಲ್ಲ ನುಂಗಿ, ಉಂಡು ಮಲಗಿದ ಬೀಗರ ಹಾಗೆ ಸುಮ್ಮನಿತ್ತು. ಪುಟ್ಟಸ್ವಾಮಿ ದಿನಾ ಬೆಳಗ್ಗೆ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರುವುದು, ಅದು ಫುಸ್ ಎಂದು ಕಡ್ಡಿಯನ್ನೇ ಆರಿಸುವುದು. ಹೀಗೇ ಮೂರು ಬೆಂಕಿಪೊಟ್ಟಣ ಖಾಲಿಯಾಗಿದ್ದವು.

ಪಕ್ಕದ ಬೀದಿಯ ಚೌಡಯ್ಯ ಮಾತ್ರ ಆ ಮಾತನ್ನು ಮರೆತಿರಲಿಲ್ಲ. "ಏನ್ಲಾ ಪುಟ್ಸಾಮಿ, ನಿನ್ ಕಾಫಿ ನನ್ ಕಾಲಕ್ಕೆ ಬತ್ತದಾ, ನನ್ ಮೊಮ್ಮಗನ ಕಾಲಕ್ಕಾ?" ಎಂದು ಕಂಡಾಗಲೆಲ್ಲ ಕೇಳುತ್ತಿದ್ದ.

ಅವತ್ತು ಬೆಳಗ್ಗೆ ತಾಲ್ಲೂಕು ಕಚೇರಿಯಿಂದ ಫೋನು ಬಂತು. ಹತ್ತು ಮನೆಯವರು ಅರ್ಜಿ ಕೊಟ್ಟರೆ ಊರಿಗೆ ಹತ್ತು ಗುಂಡಿ ಮಂಜೂರಾಗುತ್ತದೆ, ಇವತ್ತೇ ಕಡೆಯ ದಿನ. ಪುಟ್ಟಸ್ವಾಮಿ ಅರ್ಜಿ ಹಿಡಿದು ಚೌಡಯ್ಯನ ಮನೆಗೆ ಓಡಿದ. ಚೌಡಯ್ಯ, "ಮೊದ್ಲು ಕಾಫಿ, ಆಮೇಲ್ ರುಜು" ಎಂದು ಇನ್ನೂ ಒಂಬತ್ತು ಜನರನ್ನು ಕಟ್ಟಿಕೊಂಡು ಹತ್ತು ಗಂಟೆಗೆ ಪುಟ್ಟಸ್ವಾಮಿಯ ಜಗಲಿಗೇ ಬಂದು ಕೂತ.

ಪುಟ್ಟಸ್ವಾಮಿ ಒಳಗೆ ಹೋಗಿ ಹೆಂಡತಿ ಮಾಯಮ್ಮನಿಗೆ ಪಿಸುಗುಟ್ಟಿದ. "ಸಿಲಿಂಡರ್ ಒಲೇಲೇ ಕಾಸ್ಬುಡು. ಕೇಳುದ್ರೆ ಗೋಬರ್ ಗ್ಯಾಸು ಅನ್ನು."

"ನಂಗೆ ಸುಳ್ಳೇಳಕ್ಕೆ ಬರಾಕಿಲ್ಲ."

"ಅಂಗಾದ್ರೆ ಬಾಯೇ ಬುಡ್ಬ್ಯಾಡ. ಲೋಟ ಕೊಟ್ಬುಟ್ಟು ಇತ್ಲಿಗೋಗು."

ಕಾಫಿ ಬಂತು. ಮಾಯಮ್ಮ ಲೋಟ ಇಟ್ಟು ಏನೋ ಹೇಳಬೇಕೆಂದು ಗಂಡನ ಮುಖ ನೋಡಿದಳು. ಅವನು ಕಣ್ಣಲ್ಲೇ ಗದರಿದ. ಅವಳು ಹಿತ್ತಲಿಗೆ ಹೋದಳು. ಯಾರಾದರೂ ಒಲೆ ನೋಡಲು ಎದ್ದಾರೆಂದು ಅವನು ಬಾಗಿಲಿಗೆ ಅಡ್ಡ ನಿಂತ.

ಚೌಡಯ್ಯ ಮೊದಲು ಲೋಟ ಮೂಸಿದ, ಆಮೇಲೆ ಕುಡಿದ. ಕೊನೆಯ ಗುಟುಕಾದ ಮೇಲೆ ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದ. "ಎರಡ್ ತಿಂಗ್ಳು ನಿನ್ನ ಆಡ್ಕಂಡೆ. ತಪ್ಪಾಯ್ತು ಕಣಪ್ಪ. ನಮ್ ಸೊಸೆ ಒಲೆ ಒಗೇಲಿ ಕಣ್ಣುಜ್ಜೋದು ತಪ್ಪುದ್ರೆ ನಿನ್ನಿಂದ್ಲೇ ತಪ್ಪಬೇಕು. ಕೊಡು ಅರ್ಜಿ" ಎಂದು ಪೆನ್ನು ತೆಗೆದ.

ಪುಟ್ಟಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅಷ್ಟು ವಯಸ್ಸಾದವನು ಕೈ ಮುಗಿಯುವುದನ್ನು ತಡೆಯಲಾಗಲಿಲ್ಲ.

"ರುಜು ಮಾಡ್ಬ್ಯಾಡ ಚೌಡಣ್ಣ," ಎಂದ ನೆಲ ನೋಡುತ್ತ. "ಅದು ಸಿಲಿಂಡರ್ ಕಾಫಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಚೌಡಯ್ಯ ಪೆನ್ನಿನ ಮುಚ್ಚಳ ಹಾಕಿ, "ಇಷ್ಟ್ ದಿನ ಗ್ಯಾಸು ಮಾತ್ರ ಸುಳ್ಳು ಅನ್ಕಂಡಿದ್ದೆ ಕಣ್ಲಾ" ಎಂದಷ್ಟೇ ಹೇಳಿ ಟವೆಲು ಕೊಡವಿ ಎದ್ದ. ಉಳಿದವರೂ ಎದ್ದರು.

ಲೋಟ ಎತ್ತಲು ಬಂದ ಮಾಯಮ್ಮ, "ಅವರ್ಯಾಕೆ ಅಂಗೆದ್ದೋದ್ರು?" ಎಂದಳು. ಪುಟ್ಟಸ್ವಾಮಿ ನಡೆದದ್ದು ಹೇಳಿದ. ಅವಳು ಎತ್ತಿದ ಲೋಟ ಅಲ್ಲೇ ಕುಕ್ಕಿದಳು.

"ಸಿಲಿಂಡರು ಆಲು ಕಾಯಕ್ಕಿಡೋ ಅಷ್ಟ್ರಲ್ಲೇ ಮುಗುದೋಗಿತ್ತು. ದಿಕ್ಕು ತೋಚ್ದೆ ಗೋಬರ್ ಒಲೆಗೇ ಕಡ್ಡಿ ಗೀರ್ದೆ. ನೀಲಿಯಾಗಿ ಅತ್ಕಂತು. ಎಲ್ರ ಕಾಫೀನೂ ಅದ್ರಲ್ಲೇ ಕಾಸಿದ್ದು. ನಿಮ್ಗೇಳಾನ ಅಂದ್ರೆ ನೀವು ಕಣ್ ಬುಟ್ರಿ."

ಪುಟ್ಟಸ್ವಾಮಿ ಬರಿಗಾಲಲ್ಲೇ ಬೀದಿಗೆ ಓಡಿ ಚೌಡಯ್ಯನ ಮೊಣಕೈ ಹಿಡಿದ. "ಬಾರಣ್ಣ, ನಿಜಕ್ಕೂ ಗೋಬರ್ ಗ್ಯಾಸೇ ಉರುದದೆ. ಒಂದ್ಸಲ ನೋಡು, ನಿನ್ ಕಾಲಿಡ್ಕತೀನಿ."

ಹತ್ತೂ ಜನ ಹಿಂದಕ್ಕೆ ಬಂದು ಅಡುಗೆಮನೆಯಲ್ಲಿ ಒತ್ತಿಕೊಂಡು ನಿಂತರು. ಪುಟ್ಟಸ್ವಾಮಿ ತಿರುಪು ತಿರುಗಿಸಿ ಕಡ್ಡಿ ಗೀರಿದ.

ಫುಸ್.

ಎರಡು ತಿಂಗಳು ಗುಂಡಿ ಕೂಡಿಟ್ಟ ಗ್ಯಾಸನ್ನು ಹತ್ತು ಲೋಟ ಕಾಫಿ ಮುಗಿಸಿಬಿಟ್ಟಿತ್ತು. ಪುಟ್ಟಸ್ವಾಮಿ ಇನ್ನೊಂದು ಕಡ್ಡಿ ತೆಗೆದ. ಚೌಡಯ್ಯ ಅವನ ಕೈ ಹಿಡಿದು, ಜ್ವರ ಬಂದವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ:

"ಬುಡ್ಲಾ ಸಾಕು. ಒಂದ್ ದಿನಕ್ಕೆ ಒಂದೇ ಸುಳ್ಳು ಸಾಕು."